ಮೂರನೇ ಕಣದ ಬಿಸಿ

ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಕೊಟ್ರೇಶಾ’ ಎಂದು ಕೂಗಿದರೆ ಅರ್ಧ ಬಸ್‌ಸ್ಟ್ಯಾಂಡು ತಿರುಗಿ ನೋಡುತ್ತದೆ. ಕೊಟ್ರಪ್ಪ, ಕೊಟ್ರಗೌಡ, ಕೊಟ್ರಸ್ವಾಮಿಗಳೂ ತಮ್ಮನ್ನೇ ಇರಬಹುದೆಂದು ಕತ್ತು ಚಾಚುತ್ತಾರೆ. ಹೀಗಾಗಿ ಊರಿನವರು ಒಬ್ಬೊಬ್ಬರಿಗೂ ಒಂದೊಂದು ಗುರುತು ಅಂಟಿಸಿ ಇಟ್ಟಿದ್ದಾರೆ. ಗಿರಣಿ ಕೊಟ್ರೇಶ, ಸೈಕಲ್ ಕೊಟ್ರಪ್ಪ, ಹೀಗೆ. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ಕೊಟ್ರಸ್ವಾಮಿಗೆ ಸಿಕ್ಕ ಗುರುತು ‘ಹಬಿ ಸ್ವಾಮಿ’.

ಇದನ್ನು ಅವನು ಬಿರುದೆಂದೇ ತಿಳಿದಿದ್ದ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಸಾಕು, ಮೇಲೆದ್ದ ಹಬೆ ಎಲ್ಲಿಗೆ ಹೋಯಿತು, ಮುಚ್ಚಳದ ಒಳಮೈಯಲ್ಲಿ ಹನಿ ಯಾಕೆ ಕೂತಿತು ಎಂದು ಶುರು ಮಾಡುತ್ತಿದ್ದ. ಚಟ್ನಿ ಹಳಸುವ ತನಕ ಮುಗಿಸುತ್ತಿರಲಿಲ್ಲ. ಬೆಳಗಿನ ರೈಲಿನಲ್ಲಿ ಅವನ ಎದುರಿನ ಸೀಟು ಸದಾ ಖಾಲಿ. ಅವನು ಅದನ್ನು ಗೌರವ ಎಂದುಕೊಂಡಿದ್ದ. ಅವನ ಬಾಯಿಂದ ಯಾರೂ ಕೇಳದ ಮಾತು ಒಂದೇ: ‘ಗೊತ್ತಿಲ್ಲ’. ಹಡಗಲಿ ಮಲ್ಲಿಗೆ ಯಾಕೆ ಅಷ್ಟು ಘಮ್ಮೆನ್ನುತ್ತದೆ, ಕೂಡ್ಲಿಗಿ ಬಸ್ಸು ಯಾಕೆ ತಡ, ಎಲ್ಲಕ್ಕೂ ಅವನಲ್ಲಿ ಉತ್ತರವಿತ್ತು. ಆ ಉತ್ತರ ತಪ್ಪೆಂದು ತೋರಿಸಿದವನಿಗೆ ಅದು ಹೇಗೆ ತಪ್ಪಲ್ಲ ಎಂಬ ಇನ್ನೊಂದು ಉತ್ತರ ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ ಸ್ಟೇಷನ್ನು ಬರುವವರೆಗೂ ಸಿಗುತ್ತಿತ್ತು. ಹೀಗಾಗಿ ಅವನ ತಪ್ಪು ತೋರಿಸುವ ಕೆಲಸವನ್ನು ಜನ ಎಂದೋ ಕೈಬಿಟ್ಟಿದ್ದರು. ಮುಂದೆ ಆದದ್ದಕ್ಕೆಲ್ಲ ಇದೇ ಮೂಲ ಎಂದರೆ ಸ್ವಾಮಿ ಈಗಲೂ ಒಪ್ಪುವುದಿಲ್ಲ.

ಅವನ ಸಂಶೋಧನೆಯೂ ಹಬೆಯದೇ, ಆದರೆ ಇಡ್ಲಿಯ ಹಬೆಯಲ್ಲ. ಸಣ್ಣ ಮೂತಿಯೊಂದರಿಂದ ಗಾಳಿಯೂ ಇಲ್ಲದ ಬಯಲಿಗೆ ಆವಿಯನ್ನು ಚಿಮ್ಮಿಸಿದರೆ ಅದು ಹರಡಿಕೊಂಡು ಒಮ್ಮೆಲೇ ತಣ್ಣಗಾಗುತ್ತದೆ. ಅಲ್ಲಲ್ಲಿ ನಾಲ್ಕಾರು ಅಣುಗಳು ಕೈಕೈ ಹಿಡಿದು ಗುಂಪು ಕಟ್ಟುತ್ತವೆ. ಹನಿಯೊಂದು ಹುಟ್ಟುವ ಮೊದಲ ಗಳಿಗೆ ಅದು. ಆಕಾಶದಲ್ಲಿ ಉಪಗ್ರಹ ಮಗ್ಗುಲು ಬದಲಿಸಲು ಊದುವ ಅನಿಲ ಹೀಗೆಯೇ ಗುಂಪುಗಟ್ಟಿ, ತಿರುಗಿ ಬಂದು ಅದರ ಮೈಮೇಲೇ ಕೂತು ಕೆಲಸ ಕೆಡಿಸಬಹುದು. ಇದನ್ನು ಕಣ್ಣಾರೆ ನೋಡುವ ಯಂತ್ರ ದೊಡ್ಡ ಊರುಗಳಲ್ಲೇ ಅಪರೂಪ, ಹಗರಿಬೊಮ್ಮನಹಳ್ಳಿಗೆ ಎಲ್ಲಿಂದ ಬರಬೇಕು? ಆದ್ದರಿಂದ ಕಂಪ್ಯೂಟರಿನೊಳಗೆ ಸುಳ್ಳು ಅನಿಲವೊಂದನ್ನು ಹರಿಬಿಟ್ಟು, ನಿಜದ ಅನಿಲ ಏನು ಮಾಡೀತು ಎಂದು ನೋಡುವುದು. ಅಣುಗಳೋ ಎಣಿಕೆಗೆ ಸಿಗುವವಲ್ಲ. ಹಾಗಾಗಿ ಕೋಟಿಗಟ್ಟಲೆ ಅಣುಗಳ ಪರವಾಗಿ ಒಂದೇ ಒಂದು ಕಣವನ್ನು ಓಡಾಡಿಸುತ್ತಾರೆ.

“ನಮ್ಮ ಎಮ್ಮೆಲ್ಲೆ ಇದ್ದಂಗ,” ಎಂದು ಸ್ವಾಮಿ ಬಿಡಿಸಿ ಹೇಳುತ್ತಿದ್ದ. “ಅಂವ ಒಬ್ಬ ಓಡಾಡಿದ್ರ ತಾಲ್ಲೂಕೆಲ್ಲಾ ಓಡಾಡಿದಂಗ.”

ಇದರಲ್ಲೆಲ್ಲ ಅವನಿಗೆ ಪಂಚಪ್ರಾಣವಾದದ್ದು ಮೂರನೇ ಕಣ. ಎರಡು ಕಣಗಳು ಡಿಕ್ಕಿ ಹೊಡೆದ ಮಾತ್ರಕ್ಕೆ ಒಂದಾಗುವುದಿಲ್ಲ. ಸೇರುವಾಗ ಹುಟ್ಟುವ ಬಿಸಿಯೇ ಅವನ್ನು ಮತ್ತೆ ಬೇರೆ ಮಾಡುತ್ತದೆ. ಅದೇ ಗಳಿಗೆಗೆ ಮೂರನೆಯದೊಂದು ಬಂದು ತಾಗಿ, ಆ ಬಿಸಿಯನ್ನು ತಾನು ಹೊತ್ತುಕೊಂಡು ಆಚೆ ಹೋದರೆ ಉಳಿದೆರಡು ಅಂಟಿಕೊಂಡು ಬಾಳುತ್ತವೆ. ಕಣಗಳೇ ದೂರದೂರ ಇರುವ ವಿರಳ ಅನಿಲದಲ್ಲಿ ಅಂಥ ಮೂರನೆಯದು ಸರಿಯಾದ ಹೊತ್ತಿಗೆ ಒದಗುವುದು ಪುಣ್ಯದ ಮಾತು. ಪ್ರೋಗ್ರಾಮಿನ ಈ ಭಾಗವನ್ನು ಸ್ವಾಮಿ ತಾನೇ ಬರೆದಿದ್ದ, ಬೇರೆಯವರಿಗೆ ಮುಟ್ಟಗೊಟ್ಟಿರಲಿಲ್ಲ. ಅವನ ಆಸೆ ದೊಡ್ಡದೇನಲ್ಲ. ಹರಪನಹಳ್ಳಿಯಲ್ಲಿ ನಡೆಯಲಿದ್ದ ವಿಚಾರ ಸಂಕಿರಣದಲ್ಲಿ ತನ್ನ ಹೆಸರು ಕರೆಯಬೇಕು, ತಾನು ಮೈಕಿನ ಮುಂದೆ ನಿಲ್ಲಬೇಕು, ಮೂರನೇ ಕಣದ ಮಾತು ತನ್ನ ಬಾಯಿಂದಲೇ ಲೋಕಕ್ಕೆ ತಿಳಿಯಬೇಕು. ಬೇರೆಯವರು ಕಂಡುಹಿಡಿದದ್ದನ್ನೇ ಆಯುಷ್ಯವಿಡೀ ಹುಡುಗರಿಗೆ ಹೇಳಿದವನಿಗೆ, ತಾನು ಕಂಡದ್ದನ್ನು ಒಂದು ಸಲ ಹೇಳುವ ಆಸೆ.

ಜೊತೆಗೆ ಇಬ್ಬರಿದ್ದರು. ಕೂಡ್ಲಿಗಿಯಲ್ಲಿ ಕಂಪ್ಯೂಟರ್ ಕಲಿಸುವ ವೆಂಕಟೇಶ, ಸ್ವಾಮಿಯದೇ ಹಳೇ ಶಿಷ್ಯ. ಹರಪನಹಳ್ಳಿಯಲ್ಲಿ ಗಣಿತ ಕಲಿಸುವ ಶಾಂಭವಿ. ಇವರಿಬ್ಬರಿಗೂ ಮೊದಲ ದಿನದಿಂದಲೇ ಎಣ್ಣೆ ಸೀಗೆಕಾಯಿ. ಪ್ರೋಗ್ರಾಮು ಬೇಗ ಓಡಬೇಕೆಂದು ಅವನು, ಸರಿಯಾಗಿ ಓಡಬೇಕೆಂದು ಅವಳು.

“ಸ್ವಾಮ್ಯಾರ, ಆ ಮೇಡಂ ಬಂದ್ರ ನಾ ಬರಂಗಿಲ್ಲ ನೋಡ್ರಿ,” ಎಂದು ವೆಂಕಟೇಶನ ಫೋನು ಬರುತ್ತಿತ್ತು. “ಒಂದು ಸಾಲು ಬರದ್ರ ಹತ್ತು ಪ್ರಶ್ನಿ ಕೇಳ್ತಾರ. ನಾನೇನು ಕಳ್ಳನಾ?”

ಅದನ್ನು ಇಡುವಷ್ಟರಲ್ಲಿ ಶಾಂಭವಿಯದು. “ಸರ್, ಅವ್ರು ಪ್ರೋಗ್ರಾಂ ಬರಿಯಲ್ಲ, ಲಾರಿ ಹೊಡಿತಾರೆ. ಹಿಂದೆ ಯಾರು ಬಿದ್ರೂ ನೋಡಲ್ಲ.”

ಸ್ವಾಮಿ ಇಬ್ಬರ ನಡುವೆ ಬಸ್ಸು ಹತ್ತಿ ಇಳಿದ. ನಿಧಾನ ಮಾಡಿಸಿದ್ದು ನಾನೇ ಎಂದು ಕೂಡ್ಲಿಗಿಯಲ್ಲಿ ಬೈಸಿಕೊಂಡ, ಅವಸರ ಮಾಡಿಸಿದ್ದು ನಾನೇ ಎಂದು ಹರಪನಹಳ್ಳಿಯಲ್ಲಿ ಬೈಸಿಕೊಂಡ. ಕಡೆಗೊಂದು ದಿನ ಇಬ್ಬರೂ ಒಟ್ಟಿಗೆ ಕೂತು ಮಂಡಕ್ಕಿ ತಿನ್ನುತ್ತ ಅವನನ್ನೇ ಬೈಯುವಷ್ಟು ಒಂದಾದರು. ಸ್ವಾಮಿಗೆ ಖುಷಿಯೋ ಖುಷಿ. “ನಾ ಇಲ್ಲಿ ಮೂರನೇ ಕಣ,” ಎಂದು ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿ ಹೇಳಿದ. “ಬಿಸಿ ನನಗಿರ್ಲಿ. ಅವರು ಚಲೋ ಇರ್ಲಿ.”

ಅದಾದ ಮೇಲೆ ಫಲಿತಾಂಶ ಬಂತು. ಎಂಥ ಫಲಿತಾಂಶ! ಯಾರೂ ಊಹಿಸದಷ್ಟು ಬೇಗ, ಮೂತಿಯ ಬಾಯಲ್ಲೇ, ಜೋಳದ ತೆನೆಯ ಹಾಗೆ ಗುಂಪುಗಳು ಒತ್ತಾಗಿ ಹುಟ್ಟಿಕೊಂಡಿದ್ದವು. ಸ್ವಾಮಿ ಸಿಕ್ಕಸಿಕ್ಕವರಿಗೆ ಹೇಳಿದ. ಗೆಳೆಯರ ಬಳಗಕ್ಕೆ ಗೊತ್ತಾಯಿತು. ನಮ್ಮ ಕಡೆ ಸನ್ಮಾನಕ್ಕೆ ಕೆಲಸ ಮುಗಿಯಲೇಬೇಕೆಂಬ ನಿಯಮವೇನೂ ಇಲ್ಲ. ಚುನಾವಣೆಗೆ ನಿಲ್ಲುವವನಿಗೂ ಶಾಲು, ಆಸ್ಪತ್ರೆಯಿಂದ ಎದ್ದು ಬಂದವನಿಗೂ ಶಾಲು. ‘ಕೊಟ್ಟೂರಿನ ಹೆಮ್ಮೆಯ ವಿಜ್ಞಾನಿ’ ಎಂದು ಸರ್ಕಲ್ಲಿನಲ್ಲಿ ಫ್ಲೆಕ್ಸು ಎದ್ದಿತು. ಅಂಗಡಿಯ ಹುಡುಗರು ಸ್ವಾಮಿಯ ಮುಖದ ಪಕ್ಕ ಬೆಂಕಿಯುಗುಳುವ ರಾಕೆಟ್ಟೊಂದನ್ನು ಸೇರಿಸಿದ್ದರು. ಅದು ಅವನ ಕಿವಿಯಿಂದ ಹೊರಟಂತೆ ಕಾಣುತ್ತಿತ್ತು.

ಸಮಾರಂಭದಲ್ಲಿ ಪೇಟ, ಶಾಲು, ಹಣ್ಣಿನ ಬುಟ್ಟಿ, ಎಲ್ಲ ಕ್ರಮವಾಗಿ ನಡೆಯಿತು. ವೆಂಕಟೇಶ, ಶಾಂಭವಿ ವೇದಿಕೆಯ ಮೇಲೇ ಇದ್ದರು. ಮೈಕು ಸಿಕ್ಕರೆ ಬಿಡದ ವೆಂಕಟೇಶ ಅವತ್ತು “ಗುರುಗಳು ದೊಡ್ಡವರು” ಎಂದಷ್ಟೇ ಹೇಳಿ ಕೂತುಬಿಟ್ಟ. ಶಾಂಭವಿ ಕಾರ್ಯಕ್ರಮ ಮುಗಿಯುವವರೆಗೂ ಹಣ್ಣಿನ ಬುಟ್ಟಿಯನ್ನೇ ನೋಡುತ್ತಿದ್ದಳು. ಭಾವುಕರಾಗಿದ್ದಾರೆ, ಪಾಪ, ಎಂದುಕೊಂಡ ಸ್ವಾಮಿ.

ಆ ಪಾಪದ ಅರ್ಥ ತಿಳಿದದ್ದು ತಿಂಗಳ ಮೇಲೆ, ರೈಲಿನಲ್ಲಿ. ಅವತ್ತು ಗದ್ದಲ ಹೆಚ್ಚಿತ್ತು. ಬೇರೆ ಕಡೆ ಜಾಗ ಸಿಗದೆ, ಕಾಲೇಜಿನ ಲ್ಯಾಬಿನ ಕೀಲಿ ಇಟ್ಟುಕೊಳ್ಳುವ ಹುಲುಗಣ್ಣ ಧೈರ್ಯ ಮಾಡಿ ಸ್ವಾಮಿಯ ಎದುರಿನ ಸೀಟಿನಲ್ಲಿ ಕೂತ. ಏನಾದರೂ ಮಾತಾಡಬೇಕಲ್ಲ.

“ಸರ್ರ, ನಿಮ್ಮ ಹೊಸಾ ಪ್ರೋಗ್ರಾಂ ಭಾಳ ಚಲೋ ಓಡಾಕತ್ತೈತಂತಲ್ರಿ.”

“ಯಾವ ಹೊಸಾದಲೇ?”

“ಅದಾರಿ, ನಿಮ್ಮದು ತಪ್ಪಾಗಿತ್ತಂತಲ್ಲ. ವೆಂಕಟೇಶ್ ಸರ್ರೂ ಆ ಮೇಡಮ್ಮಾರೂ ಬಂದು ಸರಿ ಮಾಡಿದ್ರಲ್ಲ. ಲ್ಯಾಬ್ ತಗದು ಕೊಟ್ಟಾಂವ ನಾನಾ.”

“ಯಾವಾಗ ಬಂದಿದ್ರು?”

“ನಿಮಗ ಶಾಲು ಹಾಕಿದ್ರಲ್ರಿ, ಅದರ ಹಿಂದಿನ ವಾರ.” ಸ್ವಾಮಿಯ ಮುಖ ನೋಡಿ ಹುಲುಗಣ್ಣನಿಗೆ ತಾನು ಎಲ್ಲಿ ಕಾಲಿಟ್ಟೆ ಎಂಬುದು ಹೊಳೆಯಿತು. “ಸರ್ರ, ನಾ ಹೇಳೀನಿ ಅಂತ ಹೇಳಬ್ಯಾಡ್ರಿ. ನಿಮಗ ಹೇಳಬಾರದು ಅಂದಿದ್ರು.”

ಅಲ್ಲಿಂದ ಮುಂದೆ ಸ್ವಾಮಿ ಒಂದು ಮಾತೂ ಆಡದೆ ಆ ರೈಲು ಹಗರಿಬೊಮ್ಮನಹಳ್ಳಿ ಮುಟ್ಟಿದ್ದು ಅವತ್ತೇ ಮೊದಲು. ಅವನು ಕಾಲೇಜಿಗೆ ಹೋಗಲಿಲ್ಲ. ಸ್ಟೇಷನ್ನಿನಿಂದ ಬಸ್‌ಸ್ಟ್ಯಾಂಡಿಗೆ ನಡೆದು ಕೂಡ್ಲಿಗಿ ಬಸ್ಸು ಹತ್ತಿದ. ಶನಿವಾರ. ಮೂವರೂ ವೆಂಕಟೇಶನ ಲ್ಯಾಬಿನಲ್ಲಿ ಕೂಡುವ ದಿನ. “ಈ ಶನಿವಾರ ಬ್ಯಾಡ್ರಿ ಸ್ವಾಮ್ಯಾರ, ನನಗ ಮದಿವಿ ಐತಿ” ಎಂದು ವೆಂಕಟೇಶ ಮೊದಲೇ ಹೇಳಿದ್ದ. ಯಾರ ಮದುವೆ ಎಂದು ಸ್ವಾಮಿ ಕೇಳಿರಲಿಲ್ಲ.

ಬಾಗಿಲು ತೆರೆದರೆ ಇಬ್ಬರೂ ಒಂದೇ ಪರದೆಯ ಮುಂದೆ ಕೂತಿದ್ದರು. ಪರದೆಯ ಮೇಲೆ ಅವನದೇ ಮೂತಿ, ಅವನದೇ ಆವಿ. ಒಂದು ಕಾಲಕ್ಕೆ ಒಂದೇ ಕೋಣೆಯಲ್ಲಿ ಕೂರಲಾರದವರು ಒಂದೇ ತಟ್ಟೆಯಿಂದ ಶೇಂಗಾ ತಿನ್ನುತ್ತಿದ್ದರು.

“ಮದಿವಿ ಜೋರು ನಡದೈತಿ,” ಎಂದ ಸ್ವಾಮಿ.

ವೆಂಕಟೇಶ ಎದ್ದು ನಿಂತ. ಶಾಂಭವಿ ಎದ್ದು ಕುರ್ಚಿ ಕೊಟ್ಟಳು. ಸ್ವಾಮಿ ಕೂರಲಿಲ್ಲ. ಕೊನೆಗೆ ಅವಳೇ ಬಾಯಿಬಿಟ್ಟಳು.

“ಸರ್, ಒಳಗೆ ಬಿಟ್ಟ ಕಣಕ್ಕೂ ಹೊರಗೆ ಹೋದ ಕಣಕ್ಕೂ ತಾಳೆ ಆಗ್ಲಿಲ್ಲ. ಎರಡು ಸೇರಿ ಒಂದಾದಾಗ ಒಂದನ್ನ ಅಳಿಸ್ಬೇಕು. ನಿಮ್ಮ ಭಾಗದಲ್ಲಿ ಎರಡು ಅಳಿಸಿ ಹೋಗ್ತಿದ್ವು. ಆ ಮೂರನೇದು ಬಿಸಿ ತಗೊಳ್ತಿತ್ತು, ತಗೊಂಡ ಕೂಡ್ಲೇ ಇಲ್ಲವಾಗ್ತಿತ್ತು. ಬಿಸಿನೂ ಅದರ ಜೊತೆಗೇ ಮಾಯ. ಅದಕ್ಕೇ ಅಷ್ಟು ಬೇಗ ತಣ್ಣಗಾಗಿ, ಅಷ್ಟೊಂದು ಗುಂಪು.”

ಇದು ಹೇಗೆ ತಪ್ಪಲ್ಲ ಎಂದು ಹೇಳಲು ಸ್ವಾಮಿ ಬಾಯಿ ತೆರೆದ. ಅವಳು ಹೇಳುತ್ತಿದ್ದ ಸಾಲು ಅವನ ಕಣ್ಣ ಮುಂದೆಯೇ ಇತ್ತು. ಬರೆದವನು ತಾನೇ, ಬರೆದ ದಿನವೂ ನೆನಪಿತ್ತು. ಸರಿ ಇದೆ ಅವಳು ಹೇಳಿದ್ದು. ಪೂರ್ತಿ ಸರಿ.

“ನನಗ ಯಾಕ ಹೇಳ್ಲಿಲ್ಲ?”

“ಹೇಳಾಕ ಬಂದಿದ್ನಿರಿ,” ಎಂದ ವೆಂಕಟೇಶ. “ಸರ್ಕಲ್ಲಿನಾಗ ಫ್ಲೆಕ್ಸ್ ಕಟ್ಟಿಸಾಕತ್ತಿದ್ರಿ. ಏಣಿ ಹಿಡಿಯಲೇ ಅಂದ್ರಿ. ಹಿಡದೆ.”

“ಆಮ್ಯಾಲ?”

“ಆಮ್ಯಾಲ ಶಾಲು ಬಂತು. ಶಾಲು ಹೊದ್ದಾರಿಗೆ ಹೆಂಗ ಹೇಳಾದ್ರಿ?”

“ಅದಾತು. ಹರಪನಹಳ್ಳ್ಯಾಗ ಯಾರು ಮಾತಾಡಾದು?”

ಶಾಂಭವಿ ನೆಲ ನೋಡುತ್ತ ಹೇಳಿದಳು: “ನಮ್ಮಿಬ್ಬರ ಹೆಸರು ಕಳಿಸೀವಿ ಸರ್. ನಿಮ್ಮ ಹೆಸರು ಹಾಕಿದ್ರೆ ಹಳೇದು ಯಾರ ತಪ್ಪು ಅಂತಾನೂ ಬರತ್ತೆ. ಮನೇಲಿ ಮೇಡಂನೂ ಕೇಳಿದ್ವಿ. ಸದ್ಯ ಅವರಿಗೆ ಏನೂ ಹೇಳಬ್ಯಾಡ್ರಿ ಅಂದ್ರು.”

“ಯಾವ ಮನಿ?”

“ನಿಮ್ಮನೆ, ಸರ್.”

ಕೂಡ್ಲಿಗಿಯಿಂದ ಕೊಟ್ಟೂರಿನವರೆಗೆ ಸ್ವಾಮಿ ಕಿಟಕಿಯಾಚೆ ನೋಡುತ್ತ ಬಂದ. ಬಂಡೆಗುಡ್ಡಗಳು ಒಂದೊಂದಾಗಿ ಹಿಂದೆ ಸರಿದವು. ಶಿಷ್ಯ ಹೋಗಲಿ, ಗಣಿತದವಳು ಹೋಗಲಿ. ಹುಲುಗಣ್ಣನಿಗೆ ಗೊತ್ತು! ಹೆಂಡತಿಗೆ ಗೊತ್ತು! ಸಭೆಯಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ಇನ್ನೂ ಯಾರ್ಯಾರಿಗೆ ಗೊತ್ತಿತ್ತೋ. ಪೇಟ ಸರಿಪಡಿಸಿದವನ ಬೆರಳು ನಿಧಾನವಾದದ್ದು, ಮೊದಲ ಸಾಲಿನಲ್ಲಿ ಯಾರೋ ಕೆಮ್ಮಿದ್ದು, ಎಲ್ಲಕ್ಕೂ ಈಗ ಬೇರೆ ಅರ್ಥ ಹುಟ್ಟುತ್ತಿತ್ತು.

ಮನೆಯಲ್ಲಿ ಹೆಂಡತಿ ಸುಮಲತಾ ರೊಟ್ಟಿ ಬಡಿಯುತ್ತಿದ್ದಳು. ಧೂಳು ಕೂರದ ಹಾಗೆ ಟೀವಿ ಸನ್ಮಾನದ ಶಾಲು ಹೊದ್ದು ಕೂತಿತ್ತು.

“ನಿನಗ ಗೊತ್ತಿತ್ತೇನು?”

ಅವಳ ಕೈ ಒಂದು ಸಲ ನಿಂತು ಮತ್ತೆ ಬಡಿಯತೊಡಗಿತು. ಸುಳ್ಳು ಹೇಳುವ ಹೆಂಗಸಲ್ಲ. “ಗೊತ್ತಿತ್ರಿ.”

“ಗೊತ್ತಿದ್ದೂ ಮುಂದಿನ ಸಾಲಿನಾಗ ಕುಂತು ನಕ್ಕಿ.”

“ಮತ್ತೇನು ಅಳಬೇಕಿತ್ತಾ? ಬಳ್ಳಾರಿಯಿಂದ ನಿಮ್ಮಕ್ಕ ಬಂದಿದ್ರು, ಮಾಗಳದಿಂದ ಬೀಗರು ಬಂದಿದ್ರು. ಶಾಲು ಹೊದಿಸಿದ ಮ್ಯಾಲ ಹೇಳಿದ್ರಾತು ಅಂದ್ಕಂಡೆ.”

“ಹೊದಿಸಿ ತಿಂಗಳ ಮ್ಯಾಲಾತಲ್ಲ.”

“ದಿನಾ ಹೇಳಬೇಕಂತ ಬರ್ತಿದ್ದೆ. ನೀವು ನಡುವ ಜಾಗ ಬಿಟ್ರ ತಾನ? ಬಾಯಿ ತಗದ್ರ ಹಬಿ, ಮುಚ್ಚಿದ್ರ ಹನಿ.” ರೊಟ್ಟಿಯನ್ನು ಹಂಚಿಗೆ ಹಾಕಿ ಅವನ ಕಡೆ ತಿರುಗಿದಳು. “ಖರೇ ಹೇಳ್ರಿ. ಹೇಳಿದ್ರ ಒಪ್ತಿದ್ರೇನು?”

ಇದಕ್ಕೂ ಸ್ವಾಮಿಯಲ್ಲಿ ಉತ್ತರವಿತ್ತು, ಕೊಡಲಿಲ್ಲ. ಅವತ್ತು ಊಟದ ಹೊತ್ತಿಗೆ ಮನೆ ಎಷ್ಟು ತಣ್ಣಗಿತ್ತೆಂದರೆ ಸುಮಲತಾ ಎರಡು ಸಲ ಅವನ ಹಣೆ ಮುಟ್ಟಿ ನೋಡಿದಳು. ಒಂದು ಸಲ ಅವನೇ ಆ ಕೈ ಸರಿಸಿದ.

ಮರುದಿನದಿಂದ ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಆ ಒಂದು ಸಾಲು ತಿದ್ದಿ, ಮೂರನೇ ಕಣವನ್ನು ತಿರುಗಿ ಅನಿಲದೊಳಕ್ಕೆ ಬಿಟ್ಟು, ಪ್ರೋಗ್ರಾಮು ಓಡಿಸಲು ಕೂತ. ಹಳೆಯ ಲ್ಯಾಪ್‌ಟಾಪು ಏದುಸಿರು ಬಿಟ್ಟಿತು. ಗುಂಪುಗಳು ಕಡಿಮೆಯಾದವು, ದೂರ ಸರಿದು ಹುಟ್ಟಿದವು. ಜೋಳದ ತೆನೆ ಹೋಗಿ ಅಲ್ಲೊಂದು ಇಲ್ಲೊಂದು ಕಾಳು ಉಳಿಯಿತು. ಆದರೆ ನಿಜದವು. ಉಳಿದವರೆಲ್ಲ ಗುಂಪುಗಳನ್ನು ಎಣಿಸಿದರೆ, ಸ್ವಾಮಿ ಬಿಸಿ ಹೊತ್ತು ಹೊರಟ ಆ ಕಣದ ಹಿಂದೆಯೇ ಬಿದ್ದ. ಅದು ಎಲ್ಲಿಗೆ ಹೋಗುತ್ತದೆ, ಎಲ್ಲಿ ತಣ್ಣಗಾಗುತ್ತದೆ? ಯಾರೂ ನೋಡಿರದ್ದನ್ನು ಅವನು ನೋಡಿದ. ಈ ಸಲ ತಾಳೆ ಹಾಕಿದ, ಮತ್ತೆ ಹಾಕಿದ. ತಪ್ಪಿರಲಿಲ್ಲ. ಹೇಳಲು ಓಡಿ ಹೋಗಬೇಕೆನಿಸಿತು. ಯಾರ ಹತ್ತಿರ ಎಂಬುದು ಹೊಳೆಯದೆ ಚಪ್ಪಲಿ ಮೆಟ್ಟಿದವನು ಮತ್ತೆ ಬಿಟ್ಟ.

ಸಂಕಿರಣದ ದಿನ ಹರಪನಹಳ್ಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಹೇಳಬೇಕಾದ ಮಾತುಗಳನ್ನು ಬಸ್ಸಿನಲ್ಲೇ ಹೊಂದಿಸಿಕೊಂಡಿದ್ದ. ಇದು ಯಾರ ಕೆಲಸ, ಯಾರ ಲ್ಯಾಬು, ಯಾರು ಯಾರನ್ನು ಕೂಡಿಸಿದರು, ಎಲ್ಲ ಬಿಚ್ಚಿಡುವುದು. ಶಾಂಭವಿ ಮಾತಾಡಿದಳು, ವೆಂಕಟೇಶ ಚಿತ್ರ ಬದಲಿಸಿದ. ಮೊದಲಲ್ಲೇ ಅವಳು “ಹಿರಿಯರಾದ ಕೊಟ್ರಸ್ವಾಮಿ ಸರ್ ಅವರ ಪ್ರೋತ್ಸಾಹಕ್ಕೆ ಕೃತಜ್ಞತೆಗಳು” ಎಂದಳು. ಪ್ರೋತ್ಸಾಹ! ಊಟದ ವ್ಯವಸ್ಥೆ ಮಾಡಿದವರಿಗೆ, ಶಾಮಿಯಾನ ಕೊಟ್ಟವರಿಗೆ ಹೇಳುವ ಮಾತು ಅದು. ಮೂರನೇ ಕಣದ ಚಿತ್ರ ಬಂದಾಗ ಸ್ವಾಮಿ ಕುರ್ಚಿಯ ತುದಿಗೆ ಸರಿದ. ಬಣ್ಣ ಕೂಡ ಅವನು ಆರಿಸಿದ್ದೇ. ಪ್ರಶ್ನೆಗಳಿದ್ದರೆ ಕೇಳಿ ಎಂದು ಶಾಂಭವಿ ಸಭೆಯತ್ತ ನೋಡಿದಾಗ, ಬಸ್ಸಿನಲ್ಲಿ ಹೊಂದಿಸಿದ ಮಾತನ್ನೆಲ್ಲ ನುಂಗಿಕೊಂಡು ಸ್ವಾಮಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ: ಬಿಸಿ ತನಗಿರಲಿ, ಅವರು ಚಲೋ ಇರಲಿ.